ಇ-ಸೈಕಲ್‌ನ ಮೈಲೇಜ್ ಕುಸಿದಾಗ: ದೂರದ ಸವಾರಿಯ ಪರೀಕ್ಷೆ ಮತ್ತು ದೋಷ ಪತ್ತೆ

ಹೊಸದರಲ್ಲಿ ಮೈಸೂರಿನಿಂದ ಮಂಡ್ಯದವರೆಗೆ, ಅಂದರೆ ಸುಮಾರು 45 ಕಿ.ಮೀ., ಒಂದೇ ಚಾರ್ಜ್‌ನಲ್ಲಿ ನಿರಾಯಾಸವಾಗಿ ತಲುಪುತ್ತಿದ್ದ ಇ-ಸೈಕಲ್ ಈಗ ಶ್ರೀರಂಗಪಟ್ಟಣ ದಾಟಿ ಸ್ವಲ್ಪ ದೂರಕ್ಕೇ ನಿಂತುಬಿಡುತ್ತದೆ ಎಂಬುದು ಈ ಭಾಗದ ಸವಾರರಿಂದ ಮತ್ತೆ ಮತ್ತೆ ಕೇಳಿಬರುವ ದೂರು. ಬಹುತೇಕರು ನೇರವಾಗಿ ಬ್ಯಾಟರಿಯ ಮೇಲೆ ಅನುಮಾನಪಡುತ್ತಾರೆ. ಸೈಕಲ್‌ನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದೇ ಆಗಿರುವುದರಿಂದ ಆ ಅನುಮಾನ ತಪ್ಪಾದಾಗ ಆಗುವ ನಷ್ಟವೂ ದೊಡ್ಡದು. ಮೈಲೇಜ್ ಕಡಿಮೆಯಾಗುವುದು ಒಂದು ದೋಷವಲ್ಲ, ದೋಷದ ಲಕ್ಷಣ ಮಾತ್ರ. ಆ ಲಕ್ಷಣದ ಹಿಂದೆ ಎರಡೇ ಬಗೆಯ ಕಾರಣಗಳಿರಲು ಸಾಧ್ಯ. ಒಂದೋ ಬ್ಯಾಟರಿ ಮೊದಲಿನಷ್ಟು ಶಕ್ತಿಯನ್ನು ಕೊಡುತ್ತಿಲ್ಲ, ಇಲ್ಲವೇ ಸೈಕಲ್ ಪ್ರತಿ ಕಿಲೋಮೀಟರಿಗೆ ಮೊದಲಿಗಿಂತ ಹೆಚ್ಚು ಶಕ್ತಿಯನ್ನು ತಿನ್ನುತ್ತಿದೆ. ಕೊನೆಯ ಗದ್ದೆಗೆ ನೀರು ತಲುಪದಿದ್ದಾಗ ಅಣೆಕಟ್ಟೆಯಲ್ಲೇ ನೀರಿಲ್ಲವೋ ಅಥವಾ ನಾಲೆ ನಡುದಾರಿಯಲ್ಲಿ ಸೋರುತ್ತಿದೆಯೋ ಎಂದು ಮಂಡ್ಯದ ರೈತರು ಮೊದಲು ವಿಚಾರಿಸುವಂತೆ, ಇಲ್ಲಿಯೂ ಮೊದಲ ಕೆಲಸ ಈ ಎರಡನ್ನು ಬೇರ್ಪಡಿಸುವುದು. ಇವೆರಡನ್ನೂ ಬೇರೆಬೇರೆಯಾಗಿ ಅಳೆಯುವವರೆಗೆ ಯಾವ ಬಿಡಿಭಾಗವನ್ನೂ ಬದಲಾಯಿಸಬಾರದು ಎಂಬುದೇ ಈ ಕೈಪಿಡಿಯ ಮುಖ್ಯ ಸೂಚನೆ.

ಇಲ್ಲಿರುವ ಅಂಕಿಗಳು 36 ವೋಲ್ಟ್ ಲಿಥಿಯಂ ಬ್ಯಾಟರಿ ಮತ್ತು ಚಕ್ರದ ನಡುವೆಯೇ ಕೂರುವ 250 ವ್ಯಾಟ್ ಹಬ್ ಮೋಟಾರ್ ಇರುವ ಸೈಕಲ್‌ಗೆ, ಸವಾರ ಹಾಗೂ ಸೈಕಲ್ ಸೇರಿ 100 ಕೆ.ಜಿ. ತೂಕ ಎಂಬ ಲೆಕ್ಕಕ್ಕೆ ಹೊಂದುತ್ತವೆ. ನಮ್ಮಲ್ಲಿ ನೋಂದಣಿಯಿಲ್ಲದೆ ಓಡಿಸಬಹುದಾದ ಇ-ಸೈಕಲ್‌ಗೆ 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಎಂಬ ಮಿತಿ ಇರುವುದರಿಂದ ರಸ್ತೆಯಲ್ಲಿ ಕಾಣುವ ಹೆಚ್ಚಿನ ಸೈಕಲ್‌ಗಳು ಈ ವರ್ಗಕ್ಕೇ ಸೇರುತ್ತವೆ. 48 ವೋಲ್ಟ್‌ನವರು ವೋಲ್ಟೇಜ್ ಅಂಕಿಗಳನ್ನು ಬ್ಯಾಟರಿಯೊಳಗೆ ಸಾಲಾಗಿ ಜೋಡಿಸಿದ ಹತ್ತು ಸೆಲ್ ಗುಂಪುಗಳ ಬದಲು ಹದಿಮೂರು ಗುಂಪುಗಳಿಗೆ ಹೊಂದಿಸಿಕೊಂಡರೆ ಸಾಕು. ಪರೀಕ್ಷೆಯ ಕ್ರಮ ಒಂದೇ.

ಅಳತೆಗೆ ಬೇಕಾದ ಸಾಮಾನು

ಬ್ಯಾಟರಿಯ ಶಕ್ತಿಯನ್ನು ವ್ಯಾಟ್ ಅವರ್‌ನಲ್ಲಿ ಲೆಕ್ಕ ಹಾಕಬೇಕು. ಬ್ಯಾಟರಿಯ ಮೇಲೆ ಅಚ್ಚಾಗಿರುವ ವೋಲ್ಟ್ ಮತ್ತು ಆಂಪಿಯರ್ ಅವರ್‌ಗಳನ್ನು ಗುಣಿಸಿದರೆ ಅದು ಸಿಗುತ್ತದೆ: 36 ವೋಲ್ಟ್, 10 ಆಂಪಿಯರ್ ಅವರ್ ಎಂದರೆ 360 ವ್ಯಾಟ್ ಅವರ್. ಪೆಡಲ್ ತುಳಿಯದೆ, ಮೋಟಾರಿನ ವೇಗವನ್ನು ಕೈಯಿಂದ ನಿಯಂತ್ರಿಸುವ ಬರೀ ಥ್ರಾಟಲ್‌ನಲ್ಲಿ ಓಡಿಸಿದರೆ ಸಮತಟ್ಟಾದ ರಸ್ತೆಯಲ್ಲಿ ಕಿಲೋಮೀಟರಿಗೆ ಸುಮಾರು 9ರಿಂದ 12, ಚೆನ್ನಾಗಿ ತುಳಿಯುತ್ತಾ, ತುಳಿದಾಗ ಮಾತ್ರ ಮೋಟಾರ್ ನೆರವಾಗುವ ಪೆಡಲ್ ಅಸಿಸ್ಟ್‌ನಲ್ಲಿ ಹೋದರೆ 5ರಿಂದ 7 ವ್ಯಾಟ್ ಅವರ್ ಖರ್ಚಾಗುತ್ತದೆ. ಅದೇ ಸೈಕಲ್ ಒಬ್ಬರಿಗೆ 32 ಕಿ.ಮೀ. ಕೊಟ್ಟು ಇನ್ನೊಬ್ಬರಿಗೆ 55 ಕಿ.ಮೀ. ಕೊಡುವುದು ಈ ವ್ಯತ್ಯಾಸದಿಂದಲೇ. ಆದ್ದರಿಂದ ಕಂಪನಿಯ ಜಾಹೀರಾತಿನ ಅಂಕಿಗೂ ನಿಮ್ಮ ಅನುಭವಕ್ಕೂ ಇರುವ ಅಂತರವನ್ನು ದೋಷವೆಂದು ಎಣಿಸಬಾರದು. ನಿಮ್ಮದೇ ಸೈಕಲ್ ನಿಮ್ಮದೇ ಸವಾರಿಯಲ್ಲಿ ಹಿಂದೆ ಎಷ್ಟು ಕೊಡುತ್ತಿತ್ತು ಎಂಬುದಷ್ಟೇ ಹೋಲಿಕೆಗೆ ಯೋಗ್ಯ.

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಸಿಕ್ಕಿಸುವ ಒಂದು ಸಣ್ಣ ವಿದ್ಯುತ್ ಮೀಟರ್, ಗೇಜ್ ಇರುವ ಗಾಳಿ ಪಂಪು, ದೂರ ಮತ್ತು ಸರಾಸರಿ ವೇಗ ತೋರಿಸುವ ಮೊಬೈಲ್ ಆ್ಯಪ್, ಒಂದು ನೋಟ್‌ಬುಕ್, ಇಷ್ಟಿದ್ದರೆ ಸಾಕು. ಇವುಗಳಲ್ಲಿ ಪ್ಲಗ್ ಮೀಟರನ್ನು ಮಾತ್ರ ಯಾರೂ ತಪ್ಪಿಸಬಾರದು. ಹ್ಯಾಂಡಲ್ ಮೇಲಿನ ನಾಲ್ಕು ಕಡ್ಡಿಗಳ ಸೂಚಕವು ಬಹಳಷ್ಟು ಸೈಕಲ್‌ಗಳಲ್ಲಿ ಕೇವಲ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಮಧ್ಯದಲ್ಲಿ ನಿಧಾನವಾಗಿ ಇಳಿದು ಕೊನೆಯಲ್ಲಿ ಧಡಕ್ಕನೆ ಬೀಳುವುದರಿಂದಲೂ, ಏರು ಹತ್ತುವಾಗ ತಾತ್ಕಾಲಿಕವಾಗಿ ಕುಗ್ಗುವುದರಿಂದಲೂ ಆ ಕಡ್ಡಿಗಳನ್ನು ನಂಬಿ ತೀರ್ಮಾನಕ್ಕೆ ಬರಲಾಗದು. ಗೋಡೆಯಿಂದ ಚಾರ್ಜರ್ ಎಳೆದ ವಿದ್ಯುತ್ತಿನಲ್ಲಿ ಸುಮಾರು ಶೇ. 85ರಷ್ಟು ಬ್ಯಾಟರಿಯನ್ನು ಸೇರುತ್ತದೆ. ಹಾಗಾಗಿ ಪೂರ್ತಿ ಖಾಲಿಯಾದ 360 ವ್ಯಾಟ್ ಅವರ್‌ನ ಆರೋಗ್ಯವಂತ ಬ್ಯಾಟರಿ ತುಂಬಲು ಪ್ಲಗ್ ಮೀಟರಿನಲ್ಲಿ 0.4 ಯೂನಿಟ್‌ನ ಆಸುಪಾಸು ಕಾಣಬೇಕು (ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್).

ದಾರಿಯ ಆಯ್ಕೆ

ಪರೀಕ್ಷೆಗೆ ಎಲ್ಲರೂ ಆರಿಸಿಕೊಳ್ಳುವುದು ಮೈಸೂರು–ಮಂಡ್ಯ ರಸ್ತೆಯನ್ನು, ಆದರೆ ಒಮ್ಮುಖ ಪರೀಕ್ಷೆಗೆ ಅದರಷ್ಟು ಮೋಸದ ದಾರಿ ಇನ್ನೊಂದಿಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ. ಕಣ್ಣಿಗೆ ರಸ್ತೆ ಸಮತಟ್ಟಾಗಿಯೇ ಕಂಡರೂ ಮಂಡ್ಯದಿಂದ ಮೈಸೂರಿಗೆ ಬರುವ ಸವಾರ ಒಟ್ಟಾರೆ 90 ಮೀಟರ್ ಮೇಲೇರಿರುತ್ತಾನೆ. 100 ಕೆ.ಜಿ. ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 25 ವ್ಯಾಟ್ ಅವರ್. ಮೋಟಾರಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ 30ರಿಂದ 35 ವ್ಯಾಟ್ ಅವರ್ ಹೋಗುತ್ತದೆ. ಹೋಗುವಾಗ ಇಳಿಜಾರಿನಿಂದ ಸಿಕ್ಕ ಉಳಿತಾಯ ಬರುವಾಗ ಸಾಲವಾಗಿ ಎದುರು ನಿಲ್ಲುವುದರಿಂದ ಎರಡು ದಿಕ್ಕುಗಳ ಅಂತರ 60 ವ್ಯಾಟ್ ಅವರ್‌ನ ಹತ್ತಿರ ಹೋಗಬಹುದು. ಅದು 360ರ ಬ್ಯಾಟರಿಯಲ್ಲಿ ಆರನೇ ಒಂದು ಭಾಗ.

ಇದರ ಜೊತೆಗೆ ಗಾಳಿಯಿದೆ. ಮಂಡ್ಯವು ಮೈಸೂರಿನ ಈಶಾನ್ಯಕ್ಕಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯ ಮುಂಗಾರಿನ ಗಾಳಿ ಬೀಸುವಾಗ ಮಂಡ್ಯದಿಂದ ಮೈಸೂರಿಗೆ ಬರುವವರಿಗೆ ಅದು ನೇರ ಎದುರುಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಅಂಕಿಗೆ, ಅನುಗುಣವಾಗಿ ಏರುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಎದುರಿನಿಂದ ಬರೀ 10 ಕಿ.ಮೀ. ವೇಗದ ಗಾಳಿ ಬೀಸಿದರೂ ಆ ತಡೆ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ. ಹಿಂದಿನಿಂದ ಬೀಸಿದಾಗ ಸಿಗುವ ಲಾಭ ಎದುರಿನಿಂದ ಬೀಸಿದಾಗ ಆಗುವ ನಷ್ಟವನ್ನು ಪೂರ್ತಿ ತುಂಬಿಕೊಡುವುದಿಲ್ಲವಾದ್ದರಿಂದ ಹೋಗಿ ಬಂದರೂ ಗಾಳಿಯ ದಿನ ಒಟ್ಟು ಖರ್ಚು ಹೆಚ್ಚೇ ಇರುತ್ತದೆ. ಮಾರ್ಚ್ ತಿಂಗಳಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ಮಾಡಿದ ಸವಾರಿಯನ್ನು ಜುಲೈ ತಿಂಗಳಲ್ಲಿ ಮಂಡ್ಯದಿಂದ ಮೈಸೂರಿಗೆ ಮಾಡಿದ ಸವಾರಿಯೊಂದಿಗೆ ಹೋಲಿಸಿ ಬ್ಯಾಟರಿ ಕೆಟ್ಟಿದೆ ಎಂದು ಹೇಳುವವರು ಬಹಳ ಮಂದಿ. ಅವರ ಸೈಕಲ್‌ನಲ್ಲಿ ಯಾವ ದೋಷವೂ ಇರುವುದಿಲ್ಲ.

ಮೈಸೂರಿನವರಿಗೆ ಹೊರ ವರ್ತುಲ ರಸ್ತೆ ಒಳ್ಳೆಯ ಪರೀಕ್ಷಾ ದಾರಿ. ಸುಮಾರು 42 ಕಿ.ಮೀ. ಉದ್ದದ ಈ ಸುತ್ತು ಹೊರಟಲ್ಲಿಗೇ ಮರಳುವುದರಿಂದ ಏರಿಳಿತದ ಲೆಕ್ಕ ಸೊನ್ನೆಗೆ ಬರುತ್ತದೆ, ಗಾಳಿಯ ಪ್ರಭಾವವೂ ಬಹುಮಟ್ಟಿಗೆ ಹಂಚಿಹೋಗುತ್ತದೆ. ಬ್ಯಾಟರಿ ಎಲ್ಲೇ ನಿಂತರೂ ಹಿನಕಲ್, ಬೋಗಾದಿ, ನಂಜನಗೂಡು ರಸ್ತೆ, ಬನ್ನೂರು ರಸ್ತೆ ಹೀಗೆ ಯಾವುದಾದರೂ ಒಂದು ಕೂಡುರಸ್ತೆಯಿಂದ ನಗರದೊಳಕ್ಕೆ ತುಳಿದುಕೊಂಡು ಬರಬಹುದು. ಭಾನುವಾರದ ಬೆಳಗಿನ ಜಾವ ಲಾರಿಗಳೂ ಗಾಳಿಯೂ ಕಡಿಮೆ. ಮಂಡ್ಯದವರು ಶ್ರೀರಂಗಪಟ್ಟಣದ ಕಡೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವ ಪರೀಕ್ಷೆಯನ್ನು ಮಾಡಬಹುದು, ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದರಿಂದ ಸರ್ವಿಸ್ ರಸ್ತೆಯನ್ನೇ ಬಳಸಬೇಕು. ಸರ್ವಿಸ್ ರಸ್ತೆಯಲ್ಲಿ ಉಬ್ಬುಗಳೂ ತಿರುವುಗಳೂ ಹೆಚ್ಚು. ಪ್ರತಿ ಸಲ ನಿಂತು ಮತ್ತೆ 25 ಕಿ.ಮೀ. ವೇಗಕ್ಕೆ ಏರಲು ಬ್ಯಾಟರಿಯಿಂದ 1 ವ್ಯಾಟ್ ಅವರ್‌ನಷ್ಟು ಹೋಗುತ್ತದೆ ಎಂದಿಟ್ಟುಕೊಂಡರೆ, ಮೂವತ್ತು ಉಬ್ಬುಗಳ ದಾರಿ ಸುಮಾರು ಮೂರು ಕಿಲೋಮೀಟರಿನ ಮೈಲೇಜನ್ನು ನುಂಗುತ್ತದೆ. ಎರಡು ಪರೀಕ್ಷೆಗಳನ್ನು ಹೋಲಿಸುವಾಗ ದಾರಿ ಒಂದೇ ಇರಬೇಕೆಂದು ಒತ್ತಿ ಹೇಳುವುದು ಇದಕ್ಕಾಗಿ. ಚಾಮುಂಡಿ ಬೆಟ್ಟವನ್ನು ಪರೀಕ್ಷೆಯ ದಾರಿಯಲ್ಲಿ ಸೇರಿಸಲೇಬಾರದು. ಸುಮಾರು 300 ಮೀಟರ್ ಏರು ಒಂದೇ 360ರ ಬ್ಯಾಟರಿಯ ಮೂರನೇ ಒಂದು ಭಾಗವನ್ನು ಮುಗಿಸುತ್ತದೆ, ಇಳಿಯುವಾಗ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

ಸವಾರಿಯ ಕ್ರಮ

ಹಿಂದಿನ ದಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರಿನ ದೀಪ ಹಸಿರಾದ ಮೇಲೂ ಎಚ್ಚರವಿರುವ ಹೊತ್ತಿನಲ್ಲಿ ಒಂದೆರಡು ಗಂಟೆ ಹಾಗೆಯೇ ಬಿಡಿ. ಬಿಎಂಎಸ್ ಎಂದು ಕರೆಯಲಾಗುವ ರಕ್ಷಣಾ ಬೋರ್ಡ್ ಸೆಲ್ ಗುಂಪುಗಳನ್ನು ಸಮ ಮಾಡುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲೇ. ಚಾರ್ಜರ್ ತೆಗೆದು ಅರ್ಧ ಗಂಟೆಯ ನಂತರ ವೋಲ್ಟೇಜ್ ಅಳೆದು ಬರೆದುಕೊಳ್ಳಿ. ಹೊರಡುವ ಮುನ್ನ ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ ಪ್ರತಿ ಸಲವೂ ಒಂದೇ ಅಂಕಿಗೆ ಗಾಳಿ ತುಂಬಿ. ಅಸಿಸ್ಟ್ ಮಟ್ಟವನ್ನು ಯಾವುದಾದರೂ ಒಂದಕ್ಕೆ ನಿಗದಿ ಮಾಡಿ ಕೊನೆಯವರೆಗೂ ಬದಲಾಯಿಸಬೇಡಿ. ಕಾಲಿನ ಶ್ರಮ ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ, ದೋಷ ಪತ್ತೆಗೆಂದೇ ಮಾಡುವ ಸವಾರಿಯಾದರೆ ತುಳಿಯದೆ ಬರೀ ಥ್ರಾಟಲ್‌ನಲ್ಲಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಡಿಸುವುದು ಹೆಚ್ಚು ನಂಬಿಕೆಗೆ ಅರ್ಹವಾದ ಫಲಿತಾಂಶವನ್ನು ಕೊಡುತ್ತದೆ. ವೇಗವನ್ನು 20ರಲ್ಲೇ ಇಡಲು ಕಾರಣವಿದೆ: 25ರಲ್ಲಿ ಓಡಿಸಿದರೆ ಕಿಲೋಮೀಟರಿನ ಖರ್ಚು ಮೂರನೇ ಒಂದು ಭಾಗದಷ್ಟು ಏರುತ್ತದೆ, ಆಗ ವೇಗದ ಸಣ್ಣ ಏರುಪೇರು ಕೂಡ ಅಳತೆಯನ್ನು ಕೆಡಿಸುತ್ತದೆ.

ಬ್ಯಾಟರಿ ತಾನಾಗಿಯೇ ನಿಲ್ಲುವವರೆಗೆ ಓಡಿಸಬೇಕು. ಸುತ್ತು ಮುಗಿದರೂ ಚಾರ್ಜ್ ಉಳಿದಿದ್ದರೆ ಮನೆಯ ಹತ್ತಿರದ ಬೀದಿಗಳಲ್ಲಿ ಮುಂದುವರಿಸಿ. ನಿಂತ ಜಾಗ, ಆಗ ಏರಿನಲ್ಲಿದ್ದಿರೋ ಸಮತಟ್ಟಿನಲ್ಲೋ, ನಿಲ್ಲುವ ಮುನ್ನ ಎಳೆತ ನಿಧಾನವಾಗಿ ಕಡಿಮೆಯಾಯಿತೋ ಅಥವಾ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತಿತೋ, ಇವನ್ನೆಲ್ಲ ಅಲ್ಲಿಯೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನೆನಪು ಮಸುಕಾಗುತ್ತದೆ. ಹತ್ತು ನಿಮಿಷ ಬಿಟ್ಟು ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಅದೇ ದಿನ ಪ್ಲಗ್ ಮೀಟರ್ ಮೂಲಕ ಪೂರ್ತಿ ಚಾರ್ಜ್ ಮಾಡಿ ಎಷ್ಟು ಯೂನಿಟ್ ಎಳೆಯಿತು ಎಂದು ಗುರುತಿಸಿ. ಖಾಲಿಯಾದ ಲಿಥಿಯಂ ಬ್ಯಾಟರಿಯನ್ನು ದಿನಗಟ್ಟಲೆ ಹಾಗೆಯೇ ಇಡುವುದು ಹಾನಿಕರ.

ಈಗ ಕೈಯಲ್ಲಿ ಎರಡು ಅಂಕಿಗಳಿವೆ. ಗೋಡೆಯಿಂದ ಎಳೆದ ಯೂನಿಟ್ಟಿನ ಶೇ. 85ರಷ್ಟು ಬ್ಯಾಟರಿ ಕೊಟ್ಟ ಶಕ್ತಿ. ಅದನ್ನು ಓಡಿದ ದೂರದಿಂದ ಭಾಗಿಸಿದರೆ ಕಿಲೋಮೀಟರಿನ ಖರ್ಚು. ಮೊದಲನೆಯದು ಬ್ಯಾಟರಿಯ ಮೇಲೆ ಅಚ್ಚಾಗಿರುವ ಅಂಕಿಗೆ ಹತ್ತಿರವಿದ್ದು ಎರಡನೆಯದು ಏರಿದ್ದರೆ ಬ್ಯಾಟರಿಗೆ ಕೈ ಹಚ್ಚಬೇಡಿ, ಚಕ್ರ, ಬ್ರೇಕ್, ಮೋಟಾರುಗಳ ಕಡೆ ಹೋಗಿ. ಖರ್ಚು ಮೊದಲಿನಂತೆಯೇ ಇದ್ದು ಶಕ್ತಿ ಕುಗ್ಗಿದ್ದರೆ ಚಾರ್ಜರ್ ಮತ್ತು ಬ್ಯಾಟರಿಯನ್ನು ನೋಡಬೇಕು.

ಖರ್ಚು ಏರಿದ್ದರೆ

ಇಲ್ಲಿ ಹುಡುಕಾಟ ಸುಲಭ, ಪರಿಹಾರವೂ ಅಗ್ಗ. ಟೈರಿನ ಗಾಳಿಯೇ ಮೊದಲ ಶಂಕಿತ. ಬೆರಳಿನಿಂದ ಒತ್ತಿ ನೋಡಿ ಗಟ್ಟಿಯಾಗಿದೆ ಎನ್ನುವುದು ಅಳತೆಯಲ್ಲ. ಇ-ಸೈಕಲ್‌ನ ದಪ್ಪ ಟೈರಿನಲ್ಲಿ ಗಾಳಿ ಅರ್ಧಕ್ಕಿಳಿದರೂ ಬೆರಳಿಗೆ ಗೊತ್ತಾಗುವುದಿಲ್ಲ, ಆದರೆ ಕಿಲೋಮೀಟರಿಗೆ 1ರಿಂದ 2 ವ್ಯಾಟ್ ಅವರ್ ಹೆಚ್ಚುವರಿ ಖರ್ಚಾಗುತ್ತಿರುತ್ತದೆ.

ಬಳಿಕ ಬ್ರೇಕ್. ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಿ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಸರಕ್ ಎನ್ನುವ ಸದ್ದು ಬಂದರೆ ಡಿಸ್ಕ್ ತುಸು ಬಾಗಿದೆ; ಸದ್ದು ಎಡೆಬಿಡದೆ ಬಂದರೆ ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಇದೆ. ಟೈರಿನ ಅಂಚಿನಲ್ಲಿ ಬರೀ 300 ಗ್ರಾಂ ತೂಕದಷ್ಟು ಎಳೆತವಿದ್ದರೂ ಬ್ಯಾಟರಿಗೆ ಕಿಲೋಮೀಟರಿಗೆ 1 ವ್ಯಾಟ್ ಅವರ್ ಹೊರೆ ಬೀಳುತ್ತದೆ. ಕಾಲಿನಿಂದಲೇ ತುಳಿಯುವ ಸಾದಾ ಸೈಕಲ್‌ನಲ್ಲಿ ಇಂಥ ಎಳೆತ ಒಂದು ಫರ್ಲಾಂಗಿಗೇ ತೊಡೆಗೆ ತಿಳಿದುಬಿಡುತ್ತದೆ. ಮೋಟಾರ್ ದೂರು ಹೇಳದೆ ಎಳೆದುಕೊಂಡು ಹೋಗುವುದರಿಂದ ಇ-ಸೈಕಲ್‌ನಲ್ಲಿ ಅದು ತಿಂಗಳುಗಟ್ಟಲೆ ಅಡಗಿರಬಲ್ಲದು. ಗಿಯರ್ ಇರುವ ಹಬ್ ಮೋಟಾರಿನ ಚಕ್ರ ಮುಂದಕ್ಕೆ ಹಗುರವಾಗಿ ತಿರುಗಬೇಕು, ಹಿಂದಕ್ಕೆ ತಿರುಗಿಸಿದರೆ ಮಾತ್ರ ಬಿಗಿ ಇರಬೇಕು. ಮುಂದಕ್ಕೂ ಬಿಗಿಯಾಗಿದ್ದು ಬ್ರೇಕ್ ತಾಗುತ್ತಿಲ್ಲವೆಂದರೆ ಒಳಗಿನ ಕ್ಲಚ್ ಅಥವಾ ಬೇರಿಂಗ್ ಬಿಚ್ಚಿ ನೋಡಬೇಕಾದ ಸಂದರ್ಭ. ಗಿಯರ್ ಇಲ್ಲದ ನೇರ ಮೋಟಾರಿನಲ್ಲಿ ಆಯಸ್ಕಾಂತದ ಸಣ್ಣ ತಡೆ ಸಹಜ, ಅದನ್ನು ದೋಷವೆಂದು ಭಾವಿಸಬಾರದು. ಮೋಟಾರಿನ ತಂತಿಗಳು ಒಂದಕ್ಕೊಂದು ತಾಗಿ ಷಾರ್ಟ್ ಆಗಿದ್ದರೂ ಚಕ್ರ ಬಿಗಿಯಾಗಿ ತಡೆತಡೆದು ತಿರುಗುತ್ತದೆ. ಮೋಟಾರಿನ ಕನೆಕ್ಟರ್ ಬಿಡಿಸಿದಾಗ ಚಕ್ರ ಹಗುರವಾದರೆ ದೋಷ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿದೆ, ಬಿಡಿಸಿದ ಮೇಲೂ ಹಾಗೆಯೇ ಇದ್ದರೆ ಮೋಟಾರಿನಲ್ಲೋ ಅದರ ಕೇಬಲ್‌ನಲ್ಲೋ ಇದೆ.

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಹಳ್ಳಿಯ ರಸ್ತೆಗಳಲ್ಲಿ ಓಡಾಡುವ ಸೈಕಲ್‌ನ ಚೈನ್ ಮತ್ತು ಪೆಡಲ್ ಸೆನ್ಸರ್ ಮೇಲೆ ಧೂಳು ದಪ್ಪಗೆ ಕೂತಿರುತ್ತದೆ. ಪೆಡಲ್ ಜೋಡಿಸಿರುವ ಕ್ರ್ಯಾಂಕ್ ಬಳಿ ಆಯಸ್ಕಾಂತಗಳ ಒಂದು ಬಳೆ ಮತ್ತು ಅದರ ಎದುರಿಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಎರಡರ ನಡುವೆ ಮಣ್ಣು ಗಟ್ಟಿಯಾಗಿ ಬಳೆ ಸರಿದರೆ ಅಸಿಸ್ಟ್ ಬಂದು ಹೋಗಿ ಮಾಡುತ್ತದೆ, ಸವಾರ ಬೇಸತ್ತು ಥ್ರಾಟಲ್ ಹಿಡಿಯುತ್ತಾನೆ, ಖರ್ಚು ಇಮ್ಮಡಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಬಳೆಯನ್ನು ಸ್ವಸ್ಥಾನಕ್ಕೆ ತಳ್ಳಿದರೆ ಮುಗಿಯಿತು. ವೇಗದ ಮಿತಿಯನ್ನು ಅಂಗಡಿಯಲ್ಲಿ ತೆಗೆಸಿಕೊಂಡವರು ಮಾತ್ರ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಗಾಳಿಯ ತಡೆಯ ಲೆಕ್ಕವನ್ನು ಮೇಲೆ ಹೇಳಿದ್ದಾಗಿದೆ, ಅದಕ್ಕಿಂತ ಹೆಚ್ಚಾಗಿ ಮಿತಿ ಮೀರಿದ ಸೈಕಲ್ ನೋಂದಣಿಯ ವಿನಾಯಿತಿಯನ್ನೂ ಕಳೆದುಕೊಳ್ಳುತ್ತದೆ.

ಬ್ಯಾಟರಿ ಕೊಡುವ ಶಕ್ತಿ ಕುಗ್ಗಿದ್ದರೆ

ಬ್ಯಾಟರಿಗಿಂತ ಮೊದಲು ಚಾರ್ಜರನ್ನು ನೋಡಬೇಕು. ಬ್ಯಾಟರಿಗೆ ಜೋಡಿಸದೆ ಚಾರ್ಜರಿನ ತುದಿಯಲ್ಲಿ ಅಳೆದರೆ 36 ವೋಲ್ಟ್ ವ್ಯವಸ್ಥೆಯಲ್ಲಿ 42.0 ವೋಲ್ಟ್ ಬರಬೇಕು, ಒಂದೆರಡು ದಶಾಂಶದ ವ್ಯತ್ಯಾಸ ಸರಿ. 41 ವೋಲ್ಟ್ ತೋರಿಸುವ ಚಾರ್ಜರ್ ಹಸಿರು ದೀಪ ಬೆಳಗಿದರೂ ಬ್ಯಾಟರಿಯನ್ನು ಸುಮಾರು ಶೇ. 90ರಷ್ಟೇ ತುಂಬಿರುತ್ತದೆ. ಅದೇ ಮಾದರಿಯ ಇನ್ನೊಂದು ಚಾರ್ಜರನ್ನು ಹಾಕಿ ನೋಡಿದರೆ ಸಾವಿರಾರು ರೂಪಾಯಿಯ ವೆಚ್ಚ ತಪ್ಪಬಹುದು. ಚಾರ್ಜರ್ ಸರಿಯಿದ್ದೂ ವಿಶ್ರಾಂತಿಯ ನಂತರ ಬ್ಯಾಟರಿ 41.5ಕ್ಕಿಂತ ಕೆಳಗೆ ನಿಂತರೆ ಒಳಗೆ ಯಾವುದೋ ಸೆಲ್ ಗುಂಪು ಹಿಂದೆ ಬಿದ್ದಿರುವ ಸಾಧ್ಯತೆ ಬಲವಾಗಿದೆ.

ಸೈಕಲ್ ನಿಂತ ಮೇಲಿನ ವೋಲ್ಟೇಜ್ ಇನ್ನೂ ಹೆಚ್ಚು ಹೇಳುತ್ತದೆ. ಎಲ್ಲ ಸೆಲ್‌ಗಳೂ ಒಟ್ಟಿಗೆ ಖಾಲಿಯಾಗಿದ್ದರೆ ಹತ್ತು ನಿಮಿಷದ ನಂತರದ ಅಳತೆ 33 ವೋಲ್ಟ್‌ನ ಆಸುಪಾಸಿನಲ್ಲಿರುತ್ತದೆ. 35, 36 ವೋಲ್ಟ್ ಇದ್ದೂ ಸೈಕಲ್ ನಿಂತಿದ್ದರೆ ಬ್ಯಾಟರಿಯ ಬಹುಭಾಗದಲ್ಲಿ ಶಕ್ತಿ ಉಳಿದಿದೆ, ಒಂದು ಗುಂಪು ಮಾತ್ರ ಬರಿದಾಗಿ ಬಿಎಂಎಸ್ ಇಡೀ ಬ್ಯಾಟರಿಯನ್ನು ಬಂದ್ ಮಾಡಿದೆ ಎಂದರ್ಥ. ಈ ಲಕ್ಷಣದ ಗುರುತು ಇದು: ಏರಿನಲ್ಲಿ ಒಮ್ಮೆಲೇ ನಿಲ್ಲುತ್ತದೆ, ಆರಿಸಿ ಮತ್ತೆ ಹೊತ್ತಿಸಿದರೆ ಸ್ವಲ್ಪ ದೂರ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಮಂಡ್ಯದ ಒಬ್ಬ ಶಿಕ್ಷಕರ ಸೈಕಲ್ ಸರಿಯಾಗಿ ಹೀಗೇ ವರ್ತಿಸುತ್ತಿತ್ತು. ಶ್ರೀರಂಗಪಟ್ಟಣದ ಕಡೆಯಿಂದ ಮರಳುವಾಗ ಸಣ್ಣ ಏರು ಬಂದರೂ ಎರಡು ಕಡ್ಡಿ ಉಳಿದಿರುವಾಗಲೇ ಆರಿಹೋಗುತ್ತಿತ್ತು. ಅಂಗಡಿಯಲ್ಲಿ ‘ಮೇಷ್ಟ್ರೇ, ಕಂಟ್ರೋಲರ್ ಹೋಗಿರ್ಬೇಕು, ಹೊಸದು ಹಾಕ್ಬಿಡೋಣ’ ಎಂಬ ಸಲಹೆ ಬಂದಿತ್ತು. ಅಳೆದಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ 41.6 ವೋಲ್ಟ್, ನಿಂತಾಗ 35.8 ವೋಲ್ಟ್, ಮರುಚಾರ್ಜಿಗೆ ಗೋಡೆಯಿಂದ ಎಳೆದದ್ದು 0.24 ಯೂನಿಟ್. ಅಂದರೆ 360ರ ಬ್ಯಾಟರಿಯಿಂದ 200ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸಿಗುತ್ತಿತ್ತು, ಕಿಲೋಮೀಟರಿನ ಖರ್ಚಿನಲ್ಲಿ ಏನೂ ಬದಲಾವಣೆ ಇರಲಿಲ್ಲ. ಕಂಟ್ರೋಲರ್ ಬದಲಾಯಿಸಿದ್ದರೆ ಯಾವ ಪ್ರಯೋಜನವೂ ಆಗುತ್ತಿರಲಿಲ್ಲ. ಬ್ಯಾಟರಿ ದುರಸ್ತಿ ಮಾಡುವವರು ಪೆಟ್ಟಿಗೆ ಬಿಚ್ಚಿ ಬಿಎಂಎಸ್‌ನ ಬಿಳಿ ಕನೆಕ್ಟರಿನ ತೆಳು ತಂತಿಗಳಲ್ಲಿ ಒಂದೊಂದೇ ಗುಂಪನ್ನು ಅಳೆದಾಗ ಒಂಬತ್ತು ಗುಂಪುಗಳು 3.64 ವೋಲ್ಟ್‌ನ ಹತ್ತಿರವಿದ್ದವು, ಒಂದೇ ಒಂದು ಗುಂಪು 3.05ಕ್ಕೆ ಕುಸಿದಿತ್ತು. ಆ ಗುಂಪನ್ನು ಪ್ರತ್ಯೇಕವಾಗಿ ಚಾರ್ಜ್ ಮಾಡಿ ಉಳಿದವುಗಳ ಮಟ್ಟಕ್ಕೆ ತಂದ ಮೇಲೆ ಮೈಲೇಜ್ ಮರಳಿತು. ಆದರೆ ಕೆಲವು ವಾರಗಳಲ್ಲಿ ಅದೇ ಗುಂಪು ತಾನಾಗಿಯೇ ಮತ್ತೆ ಇಳಿದದ್ದರಿಂದ ಒಳಗಿನ ಸೆಲ್ ಶಕ್ತಿಯನ್ನು ಸೋರಿಕೊಳ್ಳುತ್ತಿದೆ ಎಂಬುದು ಖಚಿತವಾಗಿ, ಆ ಗುಂಪಿನ ಸೆಲ್‌ಗಳನ್ನೇ ಬದಲಾಯಿಸಬೇಕಾಯಿತು.

ಗುಂಪುಗಳ ನಡುವಿನ ಅಸಮತೆ ಮತ್ತು ಒಟ್ಟಾರೆ ಮುಪ್ಪು ಇವೆರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಮುಪ್ಪಾದ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42ರ ಹತ್ತಿರವೇ ಇರುತ್ತದೆ, ನಿಂತಾಗ 33ರ ಹತ್ತಿರವೇ ಇರುತ್ತದೆ, ನಡುವೆ ಕೊಡುವ ಶಕ್ತಿ ಮಾತ್ರ ಕಡಿಮೆ. ಜೊತೆಗೆ ಅದರ ಒಳತಡೆ, ಅಂದರೆ ವಿದ್ಯುತ್ ಹರಿವಿಗೆ ಬ್ಯಾಟರಿಯೊಳಗೇ ಇರುವ ಅಡ್ಡಿ, ಏರಿರುತ್ತದೆ. ಅದನ್ನು ಅಳೆಯುವುದು ಕಷ್ಟವಲ್ಲ: ಡಿಸ್‌ಪ್ಲೇ ವೋಲ್ಟೇಜ್ ಮತ್ತು ಆಂಪಿಯರ್ ತೋರಿಸುವಂಥದ್ದಾದರೆ, ಸಮತಟ್ಟಿನಲ್ಲಿ ನಿಂತಾಗಿನ ವೋಲ್ಟೇಜನ್ನೂ ಪೂರ್ತಿ ಥ್ರಾಟಲ್ ಕೊಟ್ಟಾಗಿನ ವೋಲ್ಟೇಜನ್ನೂ ಹೋಲಿಸಿ. 10 ಆಂಪಿಯರ್ ಎಳೆಯುವಾಗ ಒಂದೆರಡು ವೋಲ್ಟ್ ಕುಗ್ಗುವುದು ಸಹಜ. 4 ವೋಲ್ಟ್ ಕುಗ್ಗಿದರೆ ಒಳತಡೆ 0.4 ಓಮ್, ಅಂದರೆ 40 ವ್ಯಾಟ್‌ನಷ್ಟು ಶಕ್ತಿ ಸೈಕಲ್ ಓಡಿಸುವ ಬದಲು ಬ್ಯಾಟರಿಯನ್ನೇ ಬಿಸಿ ಮಾಡುತ್ತಿದೆ. ಆದರೆ ಈ ಕುಸಿತಕ್ಕೆ ಸೆಲ್‌ಗಳನ್ನೇ ದೂರುವ ಮೊದಲು ಬ್ಯಾಟರಿ ಕೂರುವ ತಟ್ಟೆಯ ಪಿನ್ನುಗಳನ್ನು ನೋಡಿ. ಕಪ್ಪಾದ, ಸಡಿಲವಾದ, ಪ್ಲಾಸ್ಟಿಕ್ ಕಂದಿದ ಪಿನ್ ಕೂಡ ಇದೇ ಲಕ್ಷಣವನ್ನು ತೋರಿಸುತ್ತದೆ. ಇಪ್ಪತ್ತು ನಿಮಿಷದ ಸವಾರಿಯ ನಂತರ ಕನೆಕ್ಟರ್ ಕೈಗೆ ಬಿಸಿಯೆನಿಸಿದರೆ ದೋಷ ಸಿಕ್ಕಿತೆಂದೇ ತಿಳಿಯಬಹುದು. ಅದನ್ನು ಬದಲಾಯಿಸುವ ವೆಚ್ಚ ಬ್ಯಾಟರಿಯ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಹವಾಮಾನದ ಪಾತ್ರ ಇಲ್ಲಿ ಚಿಕ್ಕದು. ಡಿಸೆಂಬರ್, ಜನವರಿಯ ಮುಂಜಾನೆಯ ಚಳಿ ಮೈಸೂರಿನಲ್ಲಿ ಬ್ಯಾಟರಿಯನ್ನು ಅಲ್ಪ ಮಾತ್ರ ಕುಗ್ಗಿಸುತ್ತದೆ. ನಮ್ಮ ಬ್ಯಾಟರಿಗಳನ್ನು ನಿಜವಾಗಿ ಕೊಲ್ಲುವುದು ಏಪ್ರಿಲ್‌ನ ಬಿಸಿಲು. ಪೂರ್ತಿ ಚಾರ್ಜ್ ಮಾಡಿ ದಿನವಿಡೀ ಬಿಸಿಲಲ್ಲಿ ನಿಲ್ಲಿಸಿದ ಬ್ಯಾಟರಿ ನೆರಳಿನಲ್ಲಿದ್ದದ್ದಕ್ಕಿಂತ ಬೇಗ ಮುಪ್ಪಾಗುತ್ತದೆ. ಕೆಲಸದ ಜಾಗದಲ್ಲಿ ನೆರಳಿಲ್ಲದಿದ್ದರೆ ಬ್ಯಾಟರಿಯನ್ನು ಕಳಚಿ ಒಳಗೆ ಒಯ್ಯುವುದು ಶ್ರಮಕ್ಕೆ ತಕ್ಕ ಅಭ್ಯಾಸ.

ಎಲ್ಲಿ ನಿಲ್ಲಬೇಕು

ಹೊರಗಿನ ತುದಿಗಳಲ್ಲಿ ಅಳೆಯುವುದು ಸವಾರನ ಕೆಲಸ, ಪೆಟ್ಟಿಗೆ ಬಿಚ್ಚುವುದು ಅಲ್ಲ. ಲಿಥಿಯಂ ಪ್ಯಾಕಿನೊಳಗೆ ಸ್ಕ್ರೂಡ್ರೈವರ್ ಜಾರಿ ಎರಡು ಪಟ್ಟಿಗಳಿಗೆ ತಾಗಿದರೆ ಫ್ಯೂಸ್ ಹಾರುವಷ್ಟಕ್ಕೆ ಮುಗಿಯುವುದಿಲ್ಲ, ಬೆಂಕಿ ಹೊತ್ತಿಕೊಳ್ಳಬಹುದು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟಿರುವುದನ್ನು ಎರಡು ಸಲ ನೋಡಿಕೊಂಡು, ಕೆಂಪು ಕಡ್ಡಿ ಆಂಪಿಯರ್ ತೂತಿನಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ತಾಗಿಸಬೇಕು. ಉಬ್ಬಿದ, ವಾಸನೆ ಬರುವ, ಚಾರ್ಜ್ ಆಗುವಾಗ ಬಿಸಿಯಾಗುವ ಅಥವಾ ಮಳೆನೀರಿನಲ್ಲಿ ಮುಳುಗಿದ್ದ ಬ್ಯಾಟರಿಗೆ ಈ ಕೈಪಿಡಿಯ ಯಾವ ಪರೀಕ್ಷೆಯನ್ನೂ ಮಾಡಬಾರದು. ಚಾರ್ಜ್ ಮಾಡದೆ ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರವಿಟ್ಟು ದುರಸ್ತಿಯವರಿಗೆ ತಿಳಿಸಬೇಕು.

ವಾರಂಟಿ ಇರುವಾಗಲೇ ಈ ಪರೀಕ್ಷೆಯನ್ನು ಮಾಡಿಟ್ಟುಕೊಂಡವರಿಗೆ ಅನುಕೂಲ ಹೆಚ್ಚು. ಸರ್ವಿಸ್ ಕೇಂದ್ರದಲ್ಲಿ ‘ಮೈಲೇಜ್ ಕಡಿಮೆಯಾಗಿದೆ’ ಎಂದಷ್ಟೇ ಹೇಳಿದರೆ ರಸ್ತೆ, ತೂಕ, ಸವಾರಿಯ ರೀತಿ ಎಂಬ ಉತ್ತರ ಬರುತ್ತದೆ, ಅದರಲ್ಲಿ ಸತ್ಯವೂ ಇರುತ್ತದೆ. ಅದರ ಬದಲು ಒಂದು ಹಾಳೆಯಲ್ಲಿ ದಾರಿ, ದೂರ, ಸರಾಸರಿ ವೇಗ, ಟೈರಿನ ಗಾಳಿ, ಚಾರ್ಜರಿನ ವೋಲ್ಟೇಜ್, ಪೂರ್ತಿ ಚಾರ್ಜ್ ಆದಾಗಿನ ಮತ್ತು ನಿಂತಾಗಿನ ಬ್ಯಾಟರಿ ವೋಲ್ಟೇಜ್, ಗೋಡೆಯಿಂದ ಎಳೆದ ಯೂನಿಟ್, ನಿಂತ ರೀತಿ ಇಷ್ಟನ್ನು ಬರೆದು, ಸೈಕಲ್ ಹೊಸದಿದ್ದಾಗಿನ ಅದೇ ಅಂಕಿಗಳನ್ನು ಪಕ್ಕದಲ್ಲಿಟ್ಟು ಕೊಡಿ. ದುರಸ್ತಿಯಾಗಿ ಬಂದ ಬಳಿಕ ಅದೇ ದಾರಿಯಲ್ಲಿ, ಅದೇ ಗಾಳಿಯ ಒತ್ತಡದಲ್ಲಿ, ಅದೇ ವೇಗದಲ್ಲಿ ಇನ್ನೊಮ್ಮೆ ಓಡಿಸಿ ಆ ಹಾಳೆಯಲ್ಲಿ ಮೂರನೆಯ ಸಾಲನ್ನು ತುಂಬಿದ ಮೇಲೆಯೇ ಹಳೆಯ ಬಿಡಿಭಾಗವನ್ನು ಅಂಗಡಿಯವರಿಗೆ ಬಿಟ್ಟುಕೊಡಿ.